ರೊಟ್ಟಿ ಹಿಟ್ಟಿನಲ್ಲಿ ಇಂಜೆರಾ

ಹೊರದೇಶದ ಅಡುಗೆ ಅಂದಕೂಡಲೇ ಜನ ಚೀಸ್, ಪಾಸ್ತಾ, ಸೋಯಾ ಸಾಸ್ ಅಂತ ಪಟ್ಟಿ ಬರೆದುಕೊಂಡು ಬಜಾರಕ್ಕೆ ಹೊರಡುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗೆ ಅದರ ಗರಜಿಲ್ಲ. ಬಿಳಿಜೋಳದ ಹಿಟ್ಟು, ಗುರೆಳ್ಳು, ಅಗಸಿ, ಇವು ಮೂರೂ ಡಬ್ಬಿಯಲ್ಲಿದ್ದರೆ ಇಥಿಯೋಪಿಯದ ಊಟಕ್ಕೆ ಬೇಕಾದ ಅರ್ಧ ಸಾಮಾನು ಆಗಲೇ ಮನೆಯಲ್ಲಿದೆ. ಗುರೆಳ್ಳಿನ ತವರೇ ಇಥಿಯೋಪಿಯ. ಅಲ್ಲಿ ಅದನ್ನು ನುಗ್ ಅನ್ನುತ್ತಾರೆ, ಗಾಣದಲ್ಲಿ ಎಣ್ಣೆ ತೆಗೆದು ದಿನದ ಅಡುಗೆಗೆ ಬಳಸುತ್ತಾರೆ. ಜೋಳವೂ ಆಚೆಯದೇ. ಪೂರ್ವ ಸುಡಾನಿನ ಕಸಲಾ ಸುತ್ತಮುತ್ತ ಸಿಕ್ಕ, ಕ್ರಿ.ಪೂ. 3000ಕ್ಕೂ ಹಿಂದಿನ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಮೂಡಿದೆ. ಮನುಷ್ಯ ಜೋಳವನ್ನು ಬಿತ್ತಿ ಬೆಳೆದದ್ದಕ್ಕೆ ಈವರೆಗೆ ಸಿಕ್ಕ ಹಳೆಯ ಗುರುತುಗಳಲ್ಲಿ ಅದೂ ಒಂದು.

ಹಾಗಾಗಿ ಇಲ್ಲಿ ಮುಖ್ಯವಾಗಿ ಹೇಳುವುದು ಒಂದೇ ಊಟ: ಜೋಳದ ಇಂಜೆರಾ, ಅಂದರೆ ಹುಳಿ ಹಿಟ್ಟನ್ನು ದೋಸೆಯ ಹಾಗೆ ಹುಯ್ದು ಬೇಯಿಸಿದ ಮೆತ್ತನೆಯ ರೊಟ್ಟಿ, ಅದರ ಜೊತೆಗೆ ಮಸೂರ ಬೇಳೆಯ ವೊಟ್ ಎಂಬ ಖಾರದ ಗಟ್ಟಿ ಗೊಜ್ಜು ಮತ್ತು ಹುರಿಗಡಲೆ ಹಿಟ್ಟಿನ ಶಿರೋ. ಕೊನೆಗೆ ಸುಡಾನಿನ ತೆಳು ಜೋಳದ ರೊಟ್ಟಿ ಕಿಸ್ರಾ, ಮೆಕ್ಸಿಕೋದ ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ ಸ್ವಲ್ಪ.

ಮೊದಲು ಜಿಗಿಯ ಲೆಕ್ಕ

ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿ ಬಡಿದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅದಕ್ಕೇ ನಾವು ಎಸರು ಕಾಯಿಸಿ ಹಿಟ್ಟಿಗೆ ಹಾಕುತ್ತೇವೆ. ಕುದಿಯುವ ನೀರು ಬಿದ್ದ ಕಡೆ ಹಿಟ್ಟಿನ ಪಿಷ್ಟ ಬೆಂದು ಅಂಬಲಿಯ ಹಾಗೆ ಅಂಟಾಗುತ್ತದೆ, ಆ ಅಂಟೇ ಉಳಿದ ಹಸಿ ಹಿಟ್ಟನ್ನು ಹಿಡಿದಿಡುತ್ತದೆ. ಇಥಿಯೋಪಿಯದವರೂ ಇದೇ ಉಪಾಯ ಮಾಡುತ್ತಾರೆ, ಸ್ವಲ್ಪ ಸುತ್ತುಬಳಸಿ: ಹುಳಿ ಬಂದ ಹಿಟ್ಟಿನಲ್ಲಿ ಒಂದು ಪಾಲು ತೆಗೆದು, ನೀರಲ್ಲಿ ಕುದಿಸಿ, ಮತ್ತೆ ಅದೇ ಹಿಟ್ಟಿಗೆ ಬೆರೆಸುತ್ತಾರೆ. ಇದಕ್ಕೆ ಅಬ್ಸಿತ್ ಅಂತ ಹೆಸರು. ರೊಟ್ಟಿಗೆ ಎಸರು ಹೇಗೋ ಇಂಜೆರಾಕ್ಕೆ ಅಬ್ಸಿತ್ ಹಾಗೆ. ಬೇಕಾದರೆ ಹುಳಿ ಒಂದಿಷ್ಟು ಹೆಚ್ಚುಕಮ್ಮಿಯಾಗಲಿ, ಅಬ್ಸಿತ್ ಮಾತ್ರ ತಪ್ಪಿಸಬೇಡಿ.

ಇಥಿಯೋಪಿಯದಲ್ಲಿ ಇಂಜೆರಾಕ್ಕೆ ಮೊದಲ ಆಯ್ಕೆ ಟೆಫ್ ಎಂಬ, ಗಸಗಸೆಯಷ್ಟು ಸಣ್ಣ ಕಾಳು. ಸಸ್ಯಕುಲದ ಲೆಕ್ಕದಲ್ಲಿ ಅದು ಜೋಳಕ್ಕಿಂತ ರಾಗಿಗೆ ಹತ್ತಿರದ ನೆಂಟ. ಆದರೆ ಟೆಫ್ ದುಬಾರಿ. ಜೋಳ ಬೆಳೆಯುವ ತಗ್ಗಿನ ಸೀಮೆಗಳಲ್ಲಿ ಜೋಳದ ಇಂಜೆರಾನೇ ದಿನದ ಊಟ. ಆದ್ದರಿಂದ ಇದು ಟೆಫ್ ಸಿಗದ್ದಕ್ಕೆ ಮಾಡಿಕೊಂಡ ನಕಲಲ್ಲ, ಅಲ್ಲಿನ ಅಸಲು ಪದ್ಧತಿಯೇ.

ಹಿಟ್ಟು, ನೀರು, ಹೆಪ್ಪು

ಹಿಂಗಾರಿ ಬಿಳಿಜೋಳ ಉತ್ತಮ, ಮಾಲ್ದಂಡಿ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಗಿರಣಿಯಲ್ಲಿ ರೊಟ್ಟಿಗೆ ಬೀಸಿಸುವುದಕ್ಕಿಂತ ಒಂದು ಸುತ್ತು ನುಣ್ಣಗೆ ಬೀಸಿಸಿ. ಗೋಧಿ ಬೀಸಿದ ಬೆನ್ನಿಗೆ ಹಾಕಿಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಗೋಧಿ ಒಗ್ಗದವರು ಮನೆಯಲ್ಲಿದ್ದರೆ ಇದನ್ನು ಗಮನಿಸಿ. ಬೀಸಿ ಮೂರು ವಾರ ದಾಟಿದ ಹಿಟ್ಟು ಬೇಡ. ಜಿಗಿ ಹೋದ ಹಿಟ್ಟಿನಲ್ಲಿ ರೊಟ್ಟಿ ಹೇಗೆ ಮುರಿಯುತ್ತದೋ ಇಂಜೆರಾನೂ ಹಾಗೇ ಮುರಿಯುತ್ತದೆ, ಮುಗ್ಗಲು ವಾಸನೆ ಹುಳಿಯಲ್ಲಿ ಇನ್ನೂ ಎದ್ದು ಕಾಣುತ್ತದೆ.

12 ಇಂಚಿನ 8ರಿಂದ 10 ಇಂಜೆರಾಕ್ಕೆ: ಜೋಳದ ಹಿಟ್ಟು 400 ಗ್ರಾಂ, ಅಕ್ಕಿ ಹಿಟ್ಟು 100 ಗ್ರಾಂ, ನೀರು 700 ಮಿಲಿ, ಹೆಪ್ಪು 3 ದೊಡ್ಡ ಚಮಚ. ಅಕ್ಕಿ ಹಿಟ್ಟು ಮೊದಲ ಎರಡು ಸಲಕ್ಕೆ ಮಾತ್ರ, ಕೈ ಕೂತಮೇಲೆ ಪೂರ್ತಿ ಜೋಳದಲ್ಲೇ ಮಾಡಬಹುದು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರು ಸೋನಾ ಮಸೂರಿ ನುಚ್ಚನ್ನೇ ಬೀಸಿಸಿಕೊಳ್ಳಬಹುದು. ಬಣ್ಣ ಟೆಫ್‌ನ ಹಾಗೆ ಕಂದಾಗಬೇಕು ಅಂದರೆ ಅಕ್ಕಿಯ ಬದಲು ರಾಗಿ ಹಿಟ್ಟು ಹಾಕಿ.

ಹೆಪ್ಪಿಗೆ ಅಲ್ಲಿ ಎರ್ಶೋ ಅನ್ನುತ್ತಾರೆ. ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ಹುಳಿನೀರು ಅದು. ಮೊದಲ ಸಲ ನಿಮ್ಮಲ್ಲಿ ಅದು ಇರುವುದಿಲ್ಲ. ನಿನ್ನೆಯ ಹುಳಿ ಅಂಬಲಿ ಇದ್ದರೆ ಸಾಕು, ಉಪ್ಪು, ಮಜ್ಜಿಗೆ ಬೆರೆಸದ್ದು. ಅದೂ ಇಲ್ಲದಿದ್ದರೆ ಚೆನ್ನಾಗಿ ಉಬ್ಬಿದ ದೋಸೆ ಹಿಟ್ಟು 3 ಚಮಚ. ಸೋಡಾ ಬೇಡವೇ ಬೇಡ. ಅದು ಹುಳಿಯನ್ನೇ ಕೊಲ್ಲುತ್ತದೆ.

ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬೆಳಿಗ್ಗೆ ಬಳಸಿ, ಇಲ್ಲವೇ ಕುದಿಸಿ ಆರಿಸಿ. ಇಲ್ಲದಿದ್ದರೆ ಹುಳಿ ತಡವಾಗುತ್ತದೆ.

ಎರಡೂ ಹಿಟ್ಟು ಜರಡಿ ಹಿಡಿದು, ಮೊದಲು 350 ಮಿಲಿ ನೀರಷ್ಟೇ ಹಾಕಿ, ಗಂಟಿಲ್ಲದ ಹಾಗೆ ಅಂಗೈಯಲ್ಲಿ ಐದು ನಿಮಿಷ ನಾದಿ. ಒಮ್ಮೆಗೇ ನೀರೆಲ್ಲ ಸುರಿದರೆ ಗಂಟು ಒಡೆಯುವುದಿಲ್ಲ. ನಂತರ ಹೆಪ್ಪು, ಉಳಿದ ನೀರು ಹಾಕಿ ತೆಳುವಾಗಿಸಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಇರಲಿ, ಹಿಟ್ಟು ಅರ್ಧಕ್ಕಿಂತ ಮೇಲೆ ಬರಬಾರದು. ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿ ಅವನ್ನು ತಿನ್ನುತ್ತದೆ. ಮೇಲೆ ತೆಳು ಬಟ್ಟೆ ಕಟ್ಟಿ.

ಹುಳಿ ಎಷ್ಟು ಹೊತ್ತು?

ಇಂಟರ್ನೆಟ್ಟಿನ ವಿಧಾನಗಳನ್ನು ನಂಬಿದ ನಮ್ಮ ಕಡೆಯವರು ಹಿಟ್ಟು ಕೆಡಿಸಿಕೊಳ್ಳುವುದು ಇಲ್ಲೇ. ‘ಮೂರು ದಿನ ಬಿಡಿ’ ಅಂತ ಎಲ್ಲ ಕಡೆ ಬರೆದಿರುತ್ತದೆ. ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿರುವ ತಂಪು ಊರು. ಅಲ್ಲಿನ ಮೂರು ದಿನ ರಾಯಚೂರಿನ ಏಪ್ರಿಲ್ ತಿಂಗಳಿಗೆ ಹೊಂದುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ 10ರಿಂದ 14 ತಾಸು ಸಾಕು: ರಾತ್ರಿ ಎಂಟಕ್ಕೆ ಕಲಸಿದರೆ ಬೆಳಿಗ್ಗೆ ತಯಾರು. ಮಳೆಗಾಲದಲ್ಲಿ 20–24 ತಾಸು. ಡಿಸೆಂಬರ್, ಜನವರಿಯಲ್ಲಿ ಒಂದೂವರೆ ದಿನ, ಒಲೆಯ ಪಕ್ಕ ಇಟ್ಟರೆ ಸ್ವಲ್ಪ ಬೇಗ.

ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ. ಮೊದಲು ಸಣ್ಣ ಗುಳ್ಳೆ ಏಳುತ್ತವೆ, ಹಿಟ್ಟು ತುಸು ಉಬ್ಬುತ್ತದೆ, ಆಮೇಲೆ ಇಳಿದು ಮೇಲೆ ಬೆರಳಗಲ ಹಳದಿ ತಿಳಿ ನಿಲ್ಲುತ್ತದೆ. ತಿಳಿ ನಿಂತಾಗ ಮೂಸಿದರೆ ಹುಳಿ ಮಜ್ಜಿಗೆಯ ವಾಸನೆ ಬರಬೇಕು. ಗುಲಾಬಿ, ಕಪ್ಪು ಅಥವಾ ಹಸಿರು ಬಣ್ಣದ ಚುಕ್ಕೆ ಕಂಡರೆ, ಕೊಳೆತ ವಾಸನೆ ಬಂದರೆ, ಮೇಲಿನದನ್ನು ಕೆರೆದು ಉಳಿಸಿಕೊಳ್ಳುವ ಆಸೆ ಬೇಡ. ಪೂರ್ತಿ ಚೆಲ್ಲಿ.

ತಿಳಿಯನ್ನು ಅಲುಗಾಡಿಸದೆ ಬಸಿಯಿರಿ. ಅದರಲ್ಲಿ ನಾಲ್ಕು ಚಮಚ ಗಾಜಿನ ಶೀಶೆಗೆ ಹಾಕಿ ಫ್ರಿಜ್‌ನಲ್ಲಿಡಿ, ಮುಂದಿನ ಸಲದ ಹೆಪ್ಪು ಅದೇ, ಒಂದು ವಾರ ತಡೆಯುತ್ತದೆ. ಬಸಿದಷ್ಟೇ ಹೊಸ ನೀರು ಹಿಟ್ಟಿಗೆ ಸೇರಿಸಿ. ಹುಳಿ ವಿಪರೀತ ಆಗಿದ್ದರೂ ಔಷಧಿ ಇದೇ: ತಿಳಿ ಪೂರ್ತಿ ಬಸಿದು ಹೊಸ ನೀರು ಹಾಕಿ ಕದಡಿ, ಅರ್ಧ ತಾಸು ಬಿಟ್ಟು ಮತ್ತೆ ಬಸಿಯಿರಿ.

ಅಬ್ಸಿತ್

ಹಿಟ್ಟನ್ನು ತಳದಿಂದ ಕದಡಿ, ಒಂದು ಲೋಟ, ಅಂದರೆ 200 ಮಿಲಿ, ತೆಗೆದಿಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ನೀರು ಕುದಿಸಿ. ಉರಿ ಸಣ್ಣಗೆ ಮಾಡಿ, ತೆಗೆದಿಟ್ಟ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತ ಬಿಡದೆ ತಿರುವಿ. ಮೂರ್ನಾಲ್ಕು ನಿಮಿಷಕ್ಕೆ ಬೆಳ್ಳಗಿದ್ದದ್ದು ಮಂಜಾಗಿ ಹೊಳೆಯುತ್ತದೆ, ಸೌಟಿನ ಬೆನ್ನಿಗೆ ಅಂಬಲಿಯ ಹಾಗೆ ಹತ್ತಿಕೊಳ್ಳುತ್ತದೆ. ಬೆರಳಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಆಗ ಇಳಿಸಿ.

ಬಿಸಿಬಿಸಿಯಾಗಿ ಹಿಟ್ಟಿಗೆ ಸುರಿದರೆ ಹುಳಿಯ ಜೀವವೆಲ್ಲ ಸತ್ತು ಆಮೇಲೆ ಉಬ್ಬುವುದೇ ಇಲ್ಲ. ಪೂರ್ತಿ ತಣ್ಣಗಾದರೆ ಗಡ್ಡೆ ಕಟ್ಟುತ್ತದೆ. ಬೆರಳು ಅದ್ದಿ ಹತ್ತು ಎಣಿಸುವವರೆಗೆ ತಡೆಯುವಷ್ಟು ಬೆಚ್ಚಗಿರುವಾಗ ಬೆರೆಸಿ. ಹದ ಹೀಗಿರಲಿ: ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ಗಟ್ಟಿ. ಸೌಟಿನಿಂದ ಬಿಟ್ಟರೆ ಕಡಿಯದ ಧಾರೆಯಾಗಿ ಇಳಿಯಬೇಕು. ಅರ್ಧ ಚಮಚ ಉಪ್ಪು ಹಾಕಿ ಮುಚ್ಚಿಡಿ. ಬೇಸಿಗೆಯಲ್ಲಿ ಒಂದು ತಾಸು, ಚಳಿಗಾಲದಲ್ಲಿ ಎರಡು. ಮೇಲೆಲ್ಲ ನೊರೆಗುಳ್ಳೆ ಎದ್ದಾಗ ಒಲೆಯ ಮೇಲೆ ಹಂಚು ಇಡಿ. ಗುಳ್ಳೆ ಎದ್ದು ಬಿದ್ದುಹೋದಮೇಲೆ ಹುಯ್ದರೆ ಇಂಜೆರಾ ಮಟ್ಟಸವಾಗಿ ಮಲಗುತ್ತದೆ.

ಹಂಚಿನ ಮೇಲೆ

ಅಲ್ಲಿ ಬಳಸುವುದು ಮಿತಾದ್ ಎಂಬ ಎರಡಡಿ ಹತ್ತಿರದ ಅಗಲದ ಮಣ್ಣಿನ ಹಂಚು. ನಮಗೆ 12 ಇಂಚಿನ ದಪ್ಪ ದೋಸೆ ಹಂಚು ಸಾಕು, ಬಿಗಿಯಾಗಿ ಕೂರುವ ಮುಚ್ಚಳ ಮಾತ್ರ ಬೇಕೇ ಬೇಕು. ಗುಳಿ ಇರುವ ರೊಟ್ಟಿ ಹಂಚು ಆಗದು: ಹಿಟ್ಟು ನಡುವೆ ನಿಂತು ಅಲ್ಲಿ ಹಸಿ, ಅಂಚಿನಲ್ಲಿ ಕರಕಲು. ಎಣ್ಣೆ ಹಾಕುವ ಹಾಗಿಲ್ಲ, ಎಣ್ಣೆಯ ಮೇಲೆ ಇಂಜೆರಾ ಕಣ್ಣು (ತೂತು) ಬಿಡುವುದಿಲ್ಲ. ಪಳಗಿದ ಹಂಚಾದರೆ ಅಂಟುವುದಿಲ್ಲ. ಹೊಸ ಕಬ್ಬಿಣದ ಹಂಚಾದರೆ ವಾರ ಮೊದಲೇ ದೋಸೆ ಮಾಡಿ ಪಳಗಿಸಿಕೊಳ್ಳಿ, ಇಲ್ಲವೇ ಅಂಟದ ಲೇಪನದ ಹಂಚು ಬಳಸಿ.

ನೀರು ಚಿಮುಕಿಸಿದರೆ ಹನಿ ಓಡಾಡಿ ಎರಡು ಮೂರು ಎಣಿಕೆಯಲ್ಲಿ ಆರಬೇಕು, ಕಾವು ಅಷ್ಟಿರಲಿ. ಮೂತಿ ಇರುವ ಜಗ್ಗಿನಲ್ಲಿ ಮುಕ್ಕಾಲು ಲೋಟ ಹಿಟ್ಟು ತೆಗೆದುಕೊಂಡು, ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬನ್ನಿ. ದೋಸೆಗೆ ನಡುವಿನಿಂದ ಹೊರಗೆ ಹೋಗುವ ಕೈ ಇಲ್ಲಿ ಉಲ್ಟಾ ತಿರುಗಬೇಕು. ಸೌಟಿನಿಂದ ಸವರಬೇಡಿ. ಸಂದು ಉಳಿದರೆ ಹಂಚನ್ನೇ ಎತ್ತಿ ಓರೆ ಮಾಡಿ.

ಈಗ ಮುಚ್ಚಬೇಡಿ. ಮೊದಲು ಅಂಚಿನಲ್ಲಿ ಒಂದೆರಡು ತೂತು, ಆಮೇಲೆ ಒಳಗೆ ಹತ್ತಾರು, ಅರ್ಧ ನಿಮಿಷದೊಳಗೆ ಇಡೀ ಮೈ ಜೇನುಗೂಡಿನ ಹಾಗೆ ತೂತು ಬಿಡುತ್ತದೆ. ಈ ತೂತುಗಳಿಗೆ ಅಲ್ಲಿಯೂ ‘ಕಣ್ಣು’ ಎಂದೇ ಹೆಸರು, ಇಂಜೆರಾ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದೂ ಕಣ್ಣು ನೋಡಿಯೇ. ಮೇಲಿನ ಹಸಿ ಹೊಳಪು ಮುಕ್ಕಾಲು ಭಾಗ ಆರಿದಾಗ ಮುಚ್ಚಿ. ಮುಚ್ಚಳದ ಒಳಗೆ ಬಟ್ಟೆ ಕಟ್ಟಿರಲಿ, ಇಲ್ಲದಿದ್ದರೆ ಹಬೆಯ ಹನಿ ಬಿದ್ದ ಕಡೆಯೆಲ್ಲ ಅಂಟಂಟು ಕಲೆ. ಒಂದೂವರೆ ನಿಮಿಷಕ್ಕೆ ಅಂಚು ತಾನೇ ಮೇಲೇಳುತ್ತದೆ. ಮಗುಚಬಾರದು, ಇಂಜೆರಾ ಬೇಯುವುದು ಒಂದೇ ಮಗ್ಗುಲಿಗೆ. ತೆಳು ಬಿದಿರು ತಟ್ಟೆ ಅಥವಾ ಮೊರದ ಅಂಚು ಕೆಳಗೆ ತೂರಿಸಿ, ಬಟ್ಟೆ ಹಾಸಿದ ಬುಟ್ಟಿಗೆ ಜಾರಿಸಿ. ಬಿಸಿ ಇರುವಾಗ ಒಂದರ ಮೇಲೊಂದು ಹಾಕಿದರೆ ಎಲ್ಲ ಸೇರಿ ಮುದ್ದೆ. ಆರಿದಮೇಲೆ ಪೇರಿಸಿ, ಬಟ್ಟೆ ಮುಚ್ಚಿ.

ಮೊದಲ ಒಂದೆರಡು ಕೆಟ್ಟೇ ಕೆಡುತ್ತವೆ, ಲೆಕ್ಕಕ್ಕಿಲ್ಲ. ಮೂರನೆಯದೂ ಕೆಟ್ಟರೆ ಹುಡುಕಿ. ಕಣ್ಣೇ ಬಿಡದಿದ್ದರೆ ಹಂಚಿನ ಕಾವು ಕಡಿಮೆ ಅಥವಾ ಹಿಟ್ಟು ಗಟ್ಟಿ: ಮೊದಲು ಉರಿ ಏರಿಸಿ ನೋಡಿ, ಆಮೇಲೆ ಕಾಲು ಲೋಟ ನೀರು. ಕಣ್ಣು ಅಂಚಿನಲ್ಲಷ್ಟೇ ಬಿಟ್ಟು ನಡುವೆ ಕುರುಡಾದರೆ, ನಡುವೆ ಹಿಟ್ಟು ದಪ್ಪಗೆ ಬಿದ್ದಿದೆ. ತೆಗೆಯುವಾಗ ಹರಿದರೆ ಇನ್ನೂ ಬೆಂದಿಲ್ಲ, ತೆಗೆದಮೇಲೆ ಮಡಚಿದಲ್ಲಿ ಸೀಳಿದರೆ ಅಬ್ಸಿತ್ ಸಾಲದು ಇಲ್ಲವೇ ಹಿಟ್ಟು ಹಳೆಯದು. ಉಳಿದ ಹಿಟ್ಟಿನಿಂದ ಇನ್ನರ್ಧ ಲೋಟ ತೆಗೆದು ಮತ್ತೆ ಅಬ್ಸಿತ್ ಮಾಡಿ ಬೆರೆಸಿದರೆ ಸರಿಹೋಗುತ್ತದೆ. ತಿನ್ನುವಾಗ ಹಲ್ಲಿಗೆ ಅಂಟಿದರೆ ಅಬ್ಸಿತ್ ಹೆಚ್ಚಾಗಿದೆ, ಒಂದು ಮುಷ್ಟಿ ಹಿಟ್ಟು ನೀರಲ್ಲಿ ಕದಡಿ ಸೇರಿಸಿ.

ವೊಟ್: ಎಣ್ಣೆಗಿಂತ ಮೊದಲು ಉಳ್ಳಾಗಡ್ಡಿ

ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಬೇಳೆ, ಕಾಳು, ಸೊಪ್ಪಿನ ಅಡುಗೆ ದೊಡ್ಡದಾಗಿ ಬೆಳೆದಿದೆ, ನಮ್ಮ ಶಾಕಾಹಾರಿ ಮನೆಗಳಿಗೆ ಅದು ಹಾಗೇ ಹೊಂದುತ್ತದೆ.

ಅದರ ಮಸಾಲೆ ಬೆರ್ಬೆರೆ. ಬ್ಯಾಡಗಿ ಮೆಣಸಿನಕಾಯಿ 60 ಗ್ರಾಂ, ಗುಂಟೂರು 15 ಗ್ರಾಂ, ಕೊತ್ತಂಬರಿ ಬೀಜ 1 ದೊಡ್ಡ ಚಮಚ, ಏಲಕ್ಕಿ 8, ಲವಂಗ 4, ಚಕ್ಕೆ ಒಂದಿಂಚು, ಮೆಂತ್ಯ ಮತ್ತು ಕಾಳುಮೆಣಸು ಅರ್ಧರ್ಧ ಚಮಚ, ಅಜವಾನ ಮತ್ತು ಕಲೋಂಜಿ ಕಾಲು ಕಾಲು ಚಮಚ, ಒಣಶುಂಠಿ ಪುಡಿ 1 ಚಮಚ, ಉಪ್ಪು 2 ಚಮಚ. ಮೆಣಸಿನಕಾಯಿಯನ್ನು ಹುರಿಯುವ ಬದಲು ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ, ಮುಟ್ಟಿದರೆ ಪುಡಿಯಾಗುತ್ತದೆ, ಬಣ್ಣವೂ ಉಳಿಯುತ್ತದೆ. ಉಳಿದ ಕಾಳುಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಮೆಂತ್ಯ ಕೆಂಪಾದರೆ ಇಡೀ ಮಸಾಲೆ ಕಹಿ, ಅದನ್ನು ಕೊನೆಗೆ ಹಾಕಿ. ಅಲ್ಲಿ ಹಾಕುವ ಕೊರಾರಿಮಾ ಎಂಬ ಏಲಕ್ಕಿ ಇಲ್ಲಿ ಸಿಗದು. ನಮ್ಮ ಏಲಕ್ಕಿಯಲ್ಲಿ ಪರಿಮಳ ಸ್ವಲ್ಪ ಬೇರೆ ಬರುತ್ತದೆ, ಊಟಕ್ಕೆ ಕೊರತೆಯಿಲ್ಲ.

ಮಿಸಿರ್ ವೊಟ್‌ಗೆ, ಅಂದರೆ ಮಸೂರ ಬೇಳೆಯ ವೊಟ್‌ಗೆ, ಉಳ್ಳಾಗಡ್ಡಿ ಅರ್ಧ ಕಿಲೋ, ಕೈಲಾದಷ್ಟು ಸಣ್ಣಗೆ ಹೆಚ್ಚಿ. ಒಣ ಬಾಣಲೆಗೆ ಹಾಕಿ, ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ 20–25 ನಿಮಿಷ ತಿರುವಿ. ತಳ ಹಿಡಿಯಲು ಶುರುವಾದರೆ ಒಂದು ಚಮಚ ನೀರು ಚಿಮುಕಿಸಿ. ಒಗ್ಗರಣೆ ಹಾಕಿ ರೂಢಿಯಾದ ಕೈ ಎಣ್ಣೆ ಡಬ್ಬಿಗೇ ಹೋಗುತ್ತದೆ, ತಡೆಯಿರಿ. ಎಣ್ಣೆಯಲ್ಲಿ ಹುರಿದರೆ ಉಳ್ಳಾಗಡ್ಡಿ ಎಸಳಾಗಿ ಉಳಿಯುತ್ತದೆ, ಒಣಗೆ ಬೇಯಿಸಿದರೆ ಕರಗಿ ಗೊಜ್ಜಾಗುತ್ತದೆ, ವೊಟ್‌ಗೆ ಮಂದ ಬರುವುದು ಅದರಿಂದಲೇ. ತಿಳಿಕಂದು ಬಣ್ಣ ಬಂದಮೇಲೆ 5 ದೊಡ್ಡ ಚಮಚ ಎಣ್ಣೆ. ಗುರೆಳ್ಳೆಣ್ಣೆ ಸಿಕ್ಕರೆ ಅದೇ ಸರಿ, ಇಲ್ಲದಿದ್ದರೆ ಶೇಂಗಾ ಎಣ್ಣೆ. 2 ದೊಡ್ಡ ಚಮಚ ಬೆರ್ಬೆರೆ ಹಾಕಿ, ಆಗಾಗ ನೀರು ಚಿಮುಕಿಸುತ್ತ 10 ನಿಮಿಷ. ಇಲ್ಲಿ ಅವಸರ ಮಾಡಿದರೆ ಹಸಿ ಖಾರ ಗಂಟಲಿಗೆ ಹತ್ತುತ್ತದೆ. ಜಜ್ಜಿದ ಬೆಳ್ಳುಳ್ಳಿ 6 ಎಸಳು, ಒಂದಿಂಚು ಶುಂಠಿ. ಆಮೇಲೆ ತೊಳೆದ ಮಸೂರ ಬೇಳೆ 200 ಗ್ರಾಂ, ಬಿಸಿನೀರು 700 ಮಿಲಿ, ಮುಚ್ಚಿ 25 ನಿಮಿಷ. ಕುಕ್ಕರ್ ಬೇಡ. ಇಳಿಸುವಾಗ ಉಪ್ಪು ನೋಡಿ ಹಾಕಿ, ಮಸಾಲೆಯಲ್ಲಿ ಆಗಲೇ ಇದೆ. ಇದು ಸಾರಲ್ಲ: ಇಂಜೆರಾ ಮೇಲೆ ಸುರಿದರೆ ಹರಿಯದೆ ಕೂರಬೇಕು.

ಶಿರೋ ಹೇಳಬೇಕಾದ್ದೇ ಇಲ್ಲ, ಜುಣಕ ಬಂದವರಿಗೆ ಬಂತು. ಹುರಿಗಡಲೆ ಹಿಟ್ಟು 6 ದೊಡ್ಡ ಚಮಚಕ್ಕೆ ಬೆರ್ಬೆರೆ ಒಂದು ಚಮಚ ಬೆರೆಸಿ, ಮೇಲಿನ ಹಾಗೇ ಎರಡು ಉಳ್ಳಾಗಡ್ಡಿ ಬೇಯಿಸಿ ಎಣ್ಣೆ ಹಾಕಿ, ಮೂರು ಲೋಟ ನೀರು ಕುದಿ ಬಂದಾಗ ಹಿಟ್ಟು ಉದುರಿಸುತ್ತ ತಿರುವಿ, 15 ನಿಮಿಷ. ಜುಣಕಕ್ಕಿಂತ ತೆಳು ಇರಲಿ, ಸಾಸಿವೆ, ಕರಿಬೇವು ಬೇಡ.

ದೊಡ್ಡ ತಟ್ಟೆಯಲ್ಲಿ ಒಂದು ಇಂಜೆರಾ ಕಣ್ಣು ಮೇಲಾಗಿ ಹಾಸಿ, ವೊಟ್, ಶಿರೋ, ಅರಿಶಿನ ಹಾಕಿ ಬೇಯಿಸಿದ ಎಲೆಕೋಸು ಗುಡ್ಡೆ ಗುಡ್ಡೆ ಬಡಿಸಿ. ಎಲ್ಲರೂ ಅದೇ ತಟ್ಟೆಯ ಸುತ್ತ ಕೂತು, ಬೇರೆ ಇಂಜೆರಾ ಹರಿದು, ಬಲಗೈಯಲ್ಲಿ ತಿನ್ನುತ್ತಾರೆ. ಪಕ್ಕದವರ ಬಾಯಿಗೆ ತುತ್ತಿಡುವುದಕ್ಕೆ ಗುರ್ಶಾ ಅನ್ನುತ್ತಾರೆ. ತುತ್ತು ದೊಡ್ಡದಿದ್ದಷ್ಟೂ ಪ್ರೀತಿ ಜಾಸ್ತಿ ಅಂತ.

ಅದೇ ಜೋಳ, ಸುಡಾನಿನ ಕೈಯಲ್ಲಿ

ಅಬ್ಸಿತ್ ಕೆಲಸ ಹೆಚ್ಚಾಯಿತು ಅನ್ನುವವರು ಕಿಸ್ರಾ ಮಾಡಲಿ. ಜೋಳದ ಹಿಟ್ಟು 250 ಗ್ರಾಂ, ನೀರು 350 ಮಿಲಿ, ಹೆಪ್ಪು 2 ಚಮಚ, ಒಂದು ರಾತ್ರಿ. ಬೆಳಿಗ್ಗೆ ಇನ್ನೊಂದು ಮುಕ್ಕಾಲು ಲೋಟ ನೀರು. ಹಂಚಿಗೆ ಎಣ್ಣೆ ಬಟ್ಟೆ ಆಡಿಸಿ, ಒಂದು ಸೌಟು ಹಿಟ್ಟು ಹಾಕಿ, ಕಾಗದದಷ್ಟು ತೆಳ್ಳಗೆ ಎಳೆಯಬೇಕು. ಸುಡಾನಿನಲ್ಲಿ ಇದಕ್ಕೆ ಖರ್ಜೂರದ ಗರಿಯ ತುಂಡು ಬಳಸುತ್ತಾರೆ. ನಮ್ಮ ಹಳ್ಳದ ದಂಡೆಯ ಈಚಲ ಗರಿ ತೊಳೆದು ಅಂಗೈಯಗಲ ಮಡಚಿಕೊಂಡರೆ ಅದೇ ಕೆಲಸ ಮಾಡುತ್ತದೆ. ಒಂದು ನಿಮಿಷದೊಳಗೆ ಬೆಂದು ಅಂಚು ಬಿಡುತ್ತದೆ. ಇಷ್ಟು ತೆಳುವಿರುವುದರಿಂದಲೇ ಇದಕ್ಕೆ ಬೇರೆ ಅಂಟು ಬೇಕಿಲ್ಲ. ಜೊತೆಗೆ ಮುಲಾಹ್ ಎಂಬ ಗೊಜ್ಜು: ಒಣಗಿಸಿ ಪುಡಿ ಮಾಡಿದ ಬೆಂಡೆಕಾಯಿ 2 ಚಮಚವನ್ನು ಉಳ್ಳಾಗಡ್ಡಿ, ಮೊಸರಿನ ಜೊತೆ ಕುದಿಸಿದ್ದು. ಮೊಸರು ಒಡೆಯದಿರಲು ಒಂದು ಚಮಚ ಜೋಳದ ಹಿಟ್ಟು ಕದಡಿಕೊಳ್ಳಿ.

ಮೆಕ್ಕೆಜೋಳ ಮತ್ತು ಸುಣ್ಣ

ಕೊಪ್ಪಳ, ಬಳ್ಳಾರಿ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲ, ಆದರೆ ಅದರ ಹಿಟ್ಟಿನ ರೊಟ್ಟಿ ಬಡಿಯಲು ಯಾರೂ ಹೋಗುವುದಿಲ್ಲ, ಮುರಿಯುತ್ತದೆ. ಮೆಕ್ಸಿಕೋದವರು ಅದಕ್ಕೆ ಎಸರಿನ ಬದಲು ಸುಣ್ಣ ಹಾಕುತ್ತಾರೆ. ಒಂದು ಕಿಲೋ ಒಣ ಕಾಳು (ಬೀಜಕ್ಕೆ ಔಷಧಿ ಹಚ್ಚಿದ್ದು ಖಂಡಿತ ಬೇಡ), ಮೂರು ಲೀಟರ್ ನೀರು, ಎಲೆ ಅಡಿಕೆಗೆ ಬಳಸುವ ಬಿಳಿ ಸುಣ್ಣ, ಬಣ್ಣ ಸುವಾಸನೆ ಇಲ್ಲದ್ದು, ಎರಡು ಸಣ್ಣ ಚಮಚ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಕುದಿಯಲ್ಲಿ 40 ನಿಮಿಷ, ಆಮೇಲೆ ರಾತ್ರಿಯಿಡೀ ಅದೇ ನೀರಲ್ಲಿ. ಬೆಳಿಗ್ಗೆ ಉಜ್ಜಿದರೆ ಸಿಪ್ಪೆ ಜಾರಬೇಕು. ಮೂರ್ನಾಲ್ಕು ನೀರಲ್ಲಿ ತೊಳೆದು, ಇಡ್ಲಿ ಗ್ರೈಂಡರಿನಲ್ಲಿ ಆದಷ್ಟು ಕಡಿಮೆ ನೀರಲ್ಲಿ ಅರೆಯಿರಿ. ಸುಣ್ಣಕ್ಕೆ ಸಿಪ್ಪೆ ಕರಗಿ ಹಿಟ್ಟಿಗೆ ಜಿಗಿ ಬರುತ್ತದೆ, ಮೈಗೆ ಹತ್ತದ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗುತ್ತದೆ. ನಿಂಬೆ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ತಟ್ಟೆಯಿಂದ ಒತ್ತಿ, ಒಣ ಹಂಚಿನಲ್ಲಿ ಎರಡೂ ಮಗ್ಗುಲು ಬೇಯಿಸಿದರೆ ತೋರ್ತಿಯಾ. ಹಿಟ್ಟು ಹಾಳೆಗೆ ಅಂಟಿದರೆ ನೀರು ಹೆಚ್ಚು, ಅಂಚು ಸೀಳಿದರೆ ಕಡಿಮೆ.

ಮಿಕ್ಕ ಇಂಜೆರಾ

ಜೋಳದ ಇಂಜೆರಾ ಟೆಫ್‌ನಷ್ಟು ಹೊತ್ತು ಮೆತ್ತಗಿರುವುದಿಲ್ಲ, ಮಾರನೆಯ ದಿನಕ್ಕೇ ಒಣಗಿ ಪುಡಿಯಾಗುತ್ತದೆ. ಬಿಸಿ ಮಾಡಲು ಹೋಗಬೇಡಿ. ಹರಿದು ಉಳಿದ ವೊಟ್‌ನಲ್ಲಿ ಹಾಕಿ, ಅರ್ಧ ಲೋಟ ನೀರು ಸೇರಿಸಿ ಎರಡು ನಿಮಿಷ ತಿರುವಿದರೆ ಫಿರ್‌ಫಿರ್ ಎಂಬ ತಿಂಡಿ. ಬೇಸಿಗೆಯಾದರೆ ಅಗಸಿಯದು ಮಾಡಿ: 3 ದೊಡ್ಡ ಚಮಚ ಅಗಸಿ ಚಟಪಟ ಅನ್ನುವವರೆಗೆ ಹುರಿದು ಪುಡಿ ಮಾಡಿ, ಎರಡು ಲೋಟ ತಣ್ಣೀರಲ್ಲಿ ಕದಡಿ ಹತ್ತು ನಿಮಿಷ ಬಿಟ್ಟು, ಮೇಲಿನ ನೀರು ಬಸಿದುಕೊಳ್ಳಿ. ಉಪ್ಪು, ಹಸಿಮೆಣಸಿನಕಾಯಿ, ಹಸಿ ಉಳ್ಳಾಗಡ್ಡಿ ಹಾಕಿ, ಇಂಜೆರಾ ಚೂರು ಬೆರೆಸಿ ಕೂಡಲೇ ಬಡಿಸಿ. ಹೆಚ್ಚು ಹೊತ್ತು ಬಿಟ್ಟರೆ ಅಗಸಿ ಲೋಳೆಯಾಗಿ ತುತ್ತು ಜಾರುತ್ತದೆ.